ವಾರ್ತೆ ಕೇಳುತ್ತ ಫ್ರೆಂಚ್ ಕಲಿಯುವುದು

ಪುಸ್ತಕದಿಂದ ಎರಡು ವರ್ಷ ಫ್ರೆಂಚ್ ಓದಿ, ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದ ವಿದ್ಯಾರ್ಥಿಗೆ ಪ್ಯಾರಿಸ್ಸಿನ ವಾರ್ತೆಯನ್ನು ಕೇಳಿಸಿ ನೋಡಿ. ಓದಿದರೆ ತಟ್ಟನೆ ತಿಳಿಯುವ ಪದವೇ ಕಿವಿಗೆ ಬಿದ್ದಾಗ ಗುರುತು ಸಿಕ್ಕುವುದಿಲ್ಲ. "ಇದು ನಮಗೆ ಒಗ್ಗುವ ಭಾಷೆಯಲ್ಲ" ಎಂದು ಎಷ್ಟೋ ಮಂದಿ ಕೈಬಿಡುವುದು ಇಲ್ಲಿಯೇ. ದೋಷವು ಬುದ್ಧಿಯದಲ್ಲ; ಕಿವಿಗೆ ಅಭ್ಯಾಸವಿಲ್ಲ, ಅಷ್ಟೆ. ಆ ಅಭ್ಯಾಸಕ್ಕೆ ವಾರ್ತೆಯು ಬಹಳ ಒಳ್ಳೆಯ ಸಾಧನ.

ಕಾರಣವನ್ನು ಯೋಚಿಸಿ. ಕಥೆಯನ್ನೋ ನಾಟಕವನ್ನೋ ಕೇಳುವಾಗ ಮುಂದೇನಾಗುವುದೆಂದು ನಿಮಗೆ ತಿಳಿಯದು. ವಾರ್ತೆಯ ವಿಷಯವಾದರೋ ಬೆಳಗ್ಗೆ ಕನ್ನಡದಲ್ಲಿ ಓದಿದ್ದೇ ಆಗಿರುತ್ತದೆ. ದೇಶಗಳ ಹೆಸರು, ನಾಯಕರ ಹೆಸರು ಮೊದಲೇ ಪರಿಚಿತ. ಮೇಲಾಗಿ ಚುನಾವಣೆ, ಮುಷ್ಕರ, ಆಯವ್ಯಯ ಮುಂತಾದ ಪದಗಳು ವಾರಗಟ್ಟಲೆ ಮತ್ತೆ ಮತ್ತೆ ಬರುತ್ತವೆ.

ಈ ಉಪಾಯವು ಬಾನುಲಿಗೆ ಹೊಸದಲ್ಲ. 'ವಾಯ್ಸ್ ಆಫ್ ಅಮೆರಿಕ'ವು 1959ರಲ್ಲಿಯೇ ಸುಮಾರು 1,500 ಪದಗಳ ಮಿತಿಯಲ್ಲಿ, ನಿಧಾನ ಗತಿಯಲ್ಲಿ ಓದುವ ಇಂಗ್ಲಿಷ್ ಪ್ರಸಾರವನ್ನು ಆರಂಭಿಸಿತ್ತು. ಫ್ರಾನ್ಸಿನ ಅಂತರರಾಷ್ಟ್ರೀಯ ಬಾನುಲಿಯು 'ಜೂರ್ನಾಲ್ ಆಂ ಫ್ರಾಂಸೆ ಫಾಸಿಲ್', ಎಂದರೆ 'ಸುಲಭ ಫ್ರೆಂಚಿನಲ್ಲಿ ವಾರ್ತೆ' ಎಂಬ ಹತ್ತು ನಿಮಿಷಗಳ ಕಾರ್ಯಕ್ರಮವನ್ನು ನಡೆಸುತ್ತದೆ. ಇದರಲ್ಲಿ ಕಠಿಣವಾದ ಪದಗಳನ್ನೂ ಸುದ್ದಿಯ ಹಿನ್ನೆಲೆಯನ್ನೂ ವಾರ್ತೆಯ ನಡುವೆಯೇ ಬಿಡಿಸಿ ಹೇಳುತ್ತಾರೆ. ಓದಿದುದರ ಲಿಖಿತ ಪಾಠವೂ ಅಂತರಜಾಲದಲ್ಲಿ ದೊರೆಯುತ್ತದೆ.

ಕನ್ನಡಿಗರಾದ ನಿಮಗೆ ಇಲ್ಲಿ ಒಂದು ಅನುಕೂಲವುಂಟು. ಫ್ರೆಂಚರು ಪದಗಳನ್ನು ಬಿಡಿಬಿಡಿಯಾಗಿ ಉಚ್ಚರಿಸುವುದಿಲ್ಲ. 'ಲೆ', 'ಏತಾ', 'ಯುನಿ' ಎಂಬ ಮೂರು ಪದಗಳು ಕೂಡಿ 'ಲೆಜೇತಾಜ್ಯುನಿ' ಆಗುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನವೆಂದು ಅರ್ಥ. ಬಿಡಿಯಾಗಿ ಹೇಳಿದಾಗ ಕೇಳದ ಜಕಾರವು ಕೂಡಿದಾಗ ಕಾಣಿಸಿಕೊಂಡಿತು. 'ಮನೆ' ಮತ್ತು 'ಅಲ್ಲಿ' ಸೇರಿ 'ಮನೆಯಲ್ಲಿ' ಆಗುವಾಗ ಯಕಾರ ಬರುವುದನ್ನು ಬಲ್ಲವರಿಗೆ ಇದು ಅಪರಿಚಿತವೆನಿಸದು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಅಪಘಾತದಲ್ಲಿ ಹತ್ತು ಮಂದಿ ಸತ್ತರೆಂಬುದು ಖಚಿತವಾಗಿದ್ದರೆ ವಾರ್ತೆಯವರು 'ಆ ಫೇ' ಎನ್ನುತ್ತಾರೆ. ಸುದ್ದಿ ಇನ್ನೂ ದೃಢಪಡದಿದ್ದರೆ 'ಓರೇ ಫೇ' ಎನ್ನುತ್ತಾರೆ. ಮೊದಲನೆಯದು ನಮ್ಮ 'ಸತ್ತರು'; ಎರಡನೆಯದು 'ಸತ್ತರಂತೆ'. ಆ 'ಓರೇ' ಎಂಬುದನ್ನು ಗಮನಿಸದೆ ಹೋದರೆ ವದಂತಿಯನ್ನೇ ನಿಜವೆಂದು ನಂಬಿ ನಾಲ್ಕು ಜನಕ್ಕೆ ಹೇಳಿದಂತಾಗುತ್ತದೆ.

ಸಂಖ್ಯೆಗಳಲ್ಲಿಯೂ ಎಚ್ಚರ ಬೇಕು. ಫ್ರಾನ್ಸಿನಲ್ಲಿ 70ಕ್ಕೆ 'ಅರವತ್ತು-ಹತ್ತು' ಎಂದೂ, 80ಕ್ಕೆ 'ನಾಲ್ಕು-ಇಪ್ಪತ್ತು' ಎಂದೂ, 97ಕ್ಕೆ 'ನಾಲ್ಕು-ಇಪ್ಪತ್ತು-ಹದಿನೇಳು' ಎಂದೂ ಹೇಳುತ್ತಾರೆ. ಆದುದರಿಂದ 'ಅರವತ್ತು' ಕೇಳಿದೊಡನೆ ಬರೆದುಕೊಳ್ಳಬೇಡಿ. ಮುಂದಿನ ಪದಕ್ಕೆ ಕಾಯಿರಿ. ಬೆಲ್ಜಿಯಂನವರು 70ಕ್ಕೆ 'ಸೆಪ್ತಾಂತ್', 90ಕ್ಕೆ 'ನೊನಾಂತ್' ಎಂಬ ಒಂದೊಂದೇ ಪದವನ್ನು ಬಳಸುತ್ತಾರೆ.

ನಾವು 'ವಿಧಾನಸೌಧ' ಎಂದು ಸರ್ಕಾರವನ್ನೇ ಸೂಚಿಸುವಂತೆ, ಅವರು 'ಎಲಿಸೇ' ಎಂದರೆ ರಾಷ್ಟ್ರಾಧ್ಯಕ್ಷರು, 'ಮಾತಿನ್ಯೋಂ' ಎಂದರೆ ಪ್ರಧಾನಮಂತ್ರಿ, 'ಬೆರ್ಸಿ' ಎಂದರೆ ಹಣಕಾಸಿನ ಮಂತ್ರಾಲಯ. ಮುಷ್ಕರಕ್ಕೆ 'ಗ್ರೇವ್' ಎಂದು ಹೆಸರು. ಪ್ಯಾರಿಸ್ಸಿನ ಗ್ರೇವ್ ಚೌಕದಲ್ಲಿ ಹಿಂದೆ ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುತ್ತಿದ್ದುದರಿಂದ ಬಂದ ಪದವಿದು. ಇಂಥವು ನಿಘಂಟಿಗಿಂತ ವಾರ್ತೆಯಲ್ಲಿಯೇ ಬೇಗ ಮನಸ್ಸಿಗೆ ಹತ್ತುತ್ತವೆ.

ಇನ್ನು ಕ್ರಮ. ಮೊದಲು ಕನ್ನಡ ವಾರ್ತೆಯನ್ನು ಕೇಳಿ. ಅನಂತರ ಫ್ರೆಂಚ್ ವಾರ್ತೆಯನ್ನು ಏನನ್ನೂ ನೋಡದೆ ಕೇಳಿ, ಗುರುತಿಸಿದ ಹೆಸರುಗಳನ್ನು ಮಾತ್ರ ಬರೆದುಕೊಳ್ಳಿ. ಎರಡನೆಯ ಸಲ ಲಿಖಿತ ಪಾಠವನ್ನು ಕಣ್ಣಮುಂದಿಟ್ಟುಕೊಂಡು ಒಂದೇ ಒಂದು ಸುದ್ದಿಯನ್ನು ಕೇಳಿ. ಮೂರನೆಯ ಸಲ ಪಾಠವನ್ನು ಮುಚ್ಚಿಟ್ಟು ಅದನ್ನೇ ಕೇಳಿ. ಐದು ಹೊಸ ಪದಗಳನ್ನು ಅವುಗಳ ಲಿಂಗಸೂಚಕವಾದ 'ಲ' ಅಥವಾ 'ಲಾ' ಸಹಿತ ಬರೆದಿಡಿ. ಒಂದೇ ಸುದ್ದಿಯನ್ನು ವಾರವಿಡೀ ಹಿಂಬಾಲಿಸಿದರೆ ಶನಿವಾರದ ಹೊತ್ತಿಗೆ ಅದರ ಪದಗಳು ತಾವಾಗಿಯೇ ಕಿವಿಗೆ ಸ್ಪಷ್ಟವಾಗತೊಡಗುತ್ತವೆ.

ಆದರೆ ವಾರ್ತೆಯೊಂದರಿಂದಲೇ ಎಲ್ಲವೂ ಬಾರದು. ನಮ್ಮ 'ನೀನು', 'ನೀವು' ಇದ್ದಂತೆ ಫ್ರೆಂಚರಿಗೂ 'ತ್ಯು', 'ವೂ' ಉಂಟು. ಗೆಳೆಯರ 'ತ್ಯು' ವಾರ್ತೆಯಲ್ಲಿ ಕೇಳಿಬರುವುದು ಅಪರೂಪ. ವಾರ್ತೆಯನ್ನೇ ನಂಬಿದವರು ತರಕಾರಿ ಅಂಗಡಿಯಲ್ಲಿಯೂ ವಾರ್ತಾವಾಚಕರಂತೆ ಮಾತನಾಡಿಯಾರು! ಅದಕ್ಕೆ ಮನೆಯಲ್ಲಿ ಕಲಿಯುವವರು ಇಬ್ಬರಿದ್ದರೆ, ಕೇಳಿದ ಸುದ್ದಿಯನ್ನು ಊಟದ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಎರಡು ಫ್ರೆಂಚ್ ವಾಕ್ಯಗಳಲ್ಲಿ ಹೇಳಿಕೊಳ್ಳಲಿ. ದಿನಕ್ಕೆ ಅರ್ಧ ಗಂಟೆ ಸಾಕು. ತಪ್ಪದೆ ನಡೆಸುವುದು ಮುಖ್ಯ.