ನಷ್ಟವಿಲ್ಲದ ಮೋಸ

ಸೇತುವೆಗೆ ಬಣ್ಣ ಬಳಿಯಬೇಕಾಗಿತ್ತು, ಬಳಿದುದೂ ಆಯಿತು. ಕೆಲಸದಲ್ಲಿ ಕುಂದೇನೂ ಇರಲಿಲ್ಲ. ಆದರೂ ಗುತ್ತಿಗೆ ಹಿಡಿದ ಕಂಪನಿಯ ವ್ಯವಸ್ಥಾಪಕನಿಗೆ ಸೆರೆವಾಸದ ಶಿಕ್ಷೆಯಾಯಿತು. ಅಮೆರಿಕದ ಫಿಲಡೆಲ್ಫಿಯಾ ನಗರದ ಈ ವ್ಯವಹಾರವು ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ವಿಚಿತ್ರವಾದೊಂದು ಪ್ರಶ್ನೆಯನ್ನು ತಂದಿರಿಸಿತು: ಕೊಟ್ಟ ಹಣಕ್ಕೆ ತಕ್ಕ ಕೆಲಸ ದೊರೆತ ಮೇಲೆ ಮೋಸಹೋದವರು ಯಾರು?

ಅಲ್ಲಿ ಕಳವು, ವಂಚನೆಗಳ ವಿಚಾರಣೆ ಸಾಮಾನ್ಯವಾಗಿ ಆಯಾ ರಾಜ್ಯಕ್ಕೆ ಸೇರಿದ್ದು. ಕೇಂದ್ರ ಸರಕಾರವು ಈ ಕ್ಷೇತ್ರವನ್ನು ಹೊಕ್ಕುದು ಅಂಚೆಯ ಬಾಗಿಲಿನಿಂದ. ವಂಚನೆಯ ಹಂಚಿಕೆಗೆ ಅಂಚೆಯನ್ನು ಬಳಸುವುದೇ ಅಪರಾಧವೆಂದು 1872ರ ಶಾಸನವು ಸಾರಿತು. ನೆರವೇರಿಸುವ ಉದ್ದೇಶವೇ ಇಲ್ಲದೆ ಕೊಟ್ಟ ಭರವಸೆಯೂ ವಂಚನೆಯೇ ಎಂದು 1896ರಲ್ಲಿ ತೀರ್ಪಾಯಿತು. 45 ದಿನಗಳಲ್ಲಿ ನೂರಕ್ಕೆ ಐವತ್ತು ಲಾಭ ಕೊಡುವೆನೆಂದು ಬಾಸ್ಟನ್ನಿನ ಜನರನ್ನು ಮರುಳುಗೊಳಿಸಿದ ಚಾರ್ಲ್ಸ್ ಪೊಂಜಿಯು 1920ರಲ್ಲಿ ತಪ್ಪೊಪ್ಪಿಕೊಂಡುದು ಈ ಅಂಚೆಯ ಶಾಸನದಡಿಯಲ್ಲೇ. 1952ರಲ್ಲಿ ತಂತಿ, ರೇಡಿಯೊಗಳ ಮೂಲಕ ನಡೆಯುವ ವಂಚನೆಗೂ ಶಾಸನ ಬಂದಿತು; ಇಂದಿನ ಈಮೇಲೂ ಅದರ ಬಲೆಯೊಳಗಿದೆ. ಗರಿಷ್ಠ ಶಿಕ್ಷೆ 20 ವರ್ಷ.

ಇನ್ನು ಸೇತುವೆಯ ವಿಷಯ. ಹಿಂದುಳಿದವರ ಒಡೆತನದ ಉದ್ಯಮಕ್ಕೆ ಕೆಲಸದ ಒಂದು ಪಾಲು ಸಲ್ಲಬೇಕೆಂಬ ಕರಾರು ಗುತ್ತಿಗೆಯಲ್ಲಿತ್ತು. ಬಣ್ಣದ ಸಾಮಗ್ರಿಯನ್ನು ಅಂತಹ ಸಂಸ್ಥೆಯಿಂದ ಕೊಳ್ಳುವೆವೆಂದು ಕಂಪನಿಯು ಬರೆದುಕೊಟ್ಟಿತು. ನಿಜದಲ್ಲಿ ಆ ಸಂಸ್ಥೆಯು ಏನನ್ನೂ ಪೂರೈಸಲಿಲ್ಲ. ಕಾಗದಪತ್ರಗಳು ಅದರ ಕೈದಾಟಿ ಹೋದುವು, ಅದಕ್ಕೊಂದಿಷ್ಟು ಕಮಿಷನ್ ದಕ್ಕಿತು, ಅಷ್ಟೆ. ಯಾರ ಏಳಿಗೆಗಾಗಿ ಆ ಕರಾರು ಹುಟ್ಟಿತೋ ಅವರ ಹೆಸರಷ್ಟೇ ಉಪಯೋಗಕ್ಕೆ ಬಂದಿತು!

ಸರಕಾರಕ್ಕೆ ಕಾಸಿನ ನಷ್ಟವನ್ನೂ ಬಯಸಿರಲಿಲ್ಲವೆಂದು ಆರೋಪಿಗಳು ವಾದಿಸಿದರು. ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಅದನ್ನು ತಳ್ಳಿಹಾಕಿತು. ಮಹತ್ವದ ಸುಳ್ಳು ಹೇಳಿ ಇನ್ನೊಬ್ಬರ ಹಣವನ್ನು ಪಡೆಯುವ ಸಂಚು ಹೂಡಿದರೆ ಸಾಕು, ನಷ್ಟವನ್ನುಂಟುಮಾಡುವ ಉದ್ದೇಶವನ್ನು ಬೇರೆಯಾಗಿ ಸಾಧಿಸಬೇಕಾಗಿಲ್ಲ ಎಂಬುದು ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಬರೆದ ತೀರ್ಪಿನ ಸಾರ.

ಹಾಗಾದರೆ ಅಂಗಡಿಯ ಪ್ರತಿಯೊಂದು ಸುಳ್ಳೂ ಸೆರೆಮನೆಗೆ ದಾರಿಯೇ? ಮೊಸರು ಮಾರುವವಳು ತನ್ನ ಮೊಸರನ್ನು ಹುಳಿಯೆಂದಾಳೆಯೆ? ಅಂತಹ ಬರಿಯ ಹೊಗಳಿಕೆಯನ್ನು ಅಲ್ಲಿನ ಕಾನೂನು ವಂಚನೆಯೆನ್ನುವುದಿಲ್ಲ. ಸುಳ್ಳು ವ್ಯವಹಾರದ ಮರ್ಮಕ್ಕೆ ತಟ್ಟುವಂತಹುದಾಗಿರಬೇಕು. ಆದರೆ ಮರ್ಮವೆಂಬುದನ್ನು ಅಳೆಯುವ ಬಗೆಯನ್ನು ಈ ತೀರ್ಪು ಖಚಿತಪಡಿಸಲಿಲ್ಲ. ಆ ಅಂಶವು ವಿವಾದದಲ್ಲಿಯೇ ಇರಲಿಲ್ಲ. ಶಿಕ್ಷೆಯನ್ನು ಎತ್ತಿಹಿಡಿಯುವುದರಲ್ಲಿ ಒಂಬತ್ತು ಮಂದಿಯೂ ಒಂದಾದರೂ, ಬಣ್ಣ ಬಳಿಸುವ ಗುತ್ತಿಗೆಯಲ್ಲಿ ಆ ಕರಾರು ನಿಜಕ್ಕೂ ಅಷ್ಟು ಮಹತ್ವದ್ದಾಗಿತ್ತೇ ಎಂಬ ಸಂದೇಹವನ್ನು ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಪ್ರತ್ಯೇಕವಾಗಿ ಬರೆದಿಟ್ಟರು.