ನಿಮಗಿದು ಗೊತ್ತೆ? ಮೊಬೈಲ್ ವೆಬ್ ಪುಟಕ್ಕೆ 1,400 ಬೈಟ್ ಮಿತಿ ಇತ್ತು!

1999ರ ನೋಕಿಯಾ 7110 ಫೋನಿಗೆ ಬರುವ ಒಂದು ವೆಬ್ ಕಡತ, ಕುಗ್ಗಿಸಿದ ಮೇಲೂ ಸುಮಾರು 1,400 ಬೈಟ್ ಮೀರುವಂತಿರಲಿಲ್ಲ. ಪರದೆಯಲ್ಲಿದ್ದದ್ದು ಬರೀ 96 × 65 ಚುಕ್ಕಿ. ಚಿತ್ರವೆಂದರೆ ಕಪ್ಪು ಇಲ್ಲವೇ ಬಿಳಿ, ನಡುವೆ ಬೂದು ಬಣ್ಣವೂ ಇಲ್ಲ. ಪುಟ ಬರೆಯುವ ಭಾಷೆ ಡಬ್ಲ್ಯೂಎಂಎಲ್. ಒಂದು ಟ್ಯಾಗ್ ಮುಚ್ಚಲು ಮರೆತರೂ ಪುಟ ತೆರೆಯುತ್ತಿರಲಿಲ್ಲ!

ಜಾಣತನ ಇದ್ದದ್ದು ಇಲ್ಲಿ: ಒಂದೇ ಕಡತದಲ್ಲಿ ಹಲವು 'ಕಾರ್ಡ್'ಗಳನ್ನು, ಅಂದರೆ ಪುಟ್ಟ ಪುಟಗಳನ್ನು, ಜೋಡಿಸುತ್ತಿದ್ದರು. ಒಂದರಿಂದ ಇನ್ನೊಂದಕ್ಕೆ ಹೋಗಲು ಮತ್ತೆ ನೆಟ್‌ವರ್ಕ್‌ಗೆ ಕಾಯಬೇಕಿರಲಿಲ್ಲ. ಕರೆಯಂತೆ ನಿಮಿಷದ ಲೆಕ್ಕದಲ್ಲಿ ದುಡ್ಡು ತೆರುತ್ತಿದ್ದವರಿಗೆ ಅದು ದೊಡ್ಡ ಉಳಿತಾಯ.

ಇನ್ನು ಕನ್ನಡದ ಮಾತು: ಅಕ್ಷರಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ವಿಧಾನದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ನೀವೀಗ ಓದಿದ ಇಷ್ಟು ಬರಹವೂ 1,400 ಬೈಟ್‌ನಲ್ಲಿ ಹಿಡಿಸದು.