ಚೆಂದದ ವೆಲ್ಡ್ ಸುತ್ತಿಗೆಗೆ ಮುರಿಯಿತು!

ರಾಗಿಗುಡ್ಡದ ನಮ್ಮ ಮನೆಯ ಹಿಂದೆ ಒಂದು ಶೀಟಿನ ಶೆಡ್ ಇದೆ. ಮೊದಲು ಅಲ್ಲಿ ಸೌದೆ ಇರುತ್ತಿತ್ತು, ಈಗ ಕಾರಿನ ಅಸ್ಥಿಪಂಜರ ಇದೆ. ಕಾರು ಅಂದರೆ ದೊಡ್ಡ ಮಾತಾಯಿತು. ಒಬ್ಬರು ಕೂರುವ, ಹಳೆಯ ಬೈಕ್ ಎಂಜಿನ್ನಿನ ಬಗ್ಗಿ. ಮೆಕ್ಯಾನಿಕಲ್ ಬಿಇ ಓದುತ್ತಿರುವ ನಾವು ಮೂವರು ಗೆಳೆಯರು ಸೇರಿ ಕಟ್ಟುತ್ತಿದ್ದೇವೆ. ಇದನ್ನು ರಸ್ತೆಗೆ ಇಳಿಸುವಂತಿಲ್ಲ. ಹೊಸ ಮಾದರಿಯ ವಾಹನ ನೋಂದಣಿಯಾಗಬೇಕಾದರೆ ಕೇಂದ್ರ ಮೋಟಾರು ವಾಹನ ನಿಯಮಗಳ 126ನೇ ನಿಯಮದಂತೆ ಪುಣೆಯ ಎಆರ್‌ಎಐನಂಥ ಸಂಸ್ಥೆಯಲ್ಲಿ ಪರೀಕ್ಷೆ ಪಾಸಾಗಬೇಕು. ಹಾಗಾಗಿ ಓಡಿಸುವುದು ಗೆಳೆಯನ ಮಾವನ ಖಾಲಿ ಹೊಲದಲ್ಲಿ ಮಾತ್ರ. ಆದರೆ ಹೊಲದಲ್ಲಿ ಮಗುಚಿದರೂ ತಲೆ ತಲೆಯೇ ಅಲ್ಲವೇ? ಅದೂ ಅಲ್ಲದೆ ‘ಮೊದಲ ಸುತ್ತು ನನ್ನದೇ’ ಎಂದು ಪಿಯುಸಿ ಓದುವ ನನ್ನ ತಂಗಿ ಆಗಲೇ ಹೆಸರು ಬರೆಸಿಬಿಟ್ಟಿದ್ದಾಳೆ.

ಗುಜರಿಯಲ್ಲಿ ಸಿಗುವ ಜಿಐ ನೀರಿನ ಪೈಪಿನಲ್ಲೇ ಕಟ್ಟೋಣ, ಅಗ್ಗ ಎಂದ ಒಬ್ಬ ಗೆಳೆಯ. ಅದು ನೀರು ಹರಿಸಲು ಮಾಡಿದ ಪೈಪು, ಭಾರ ಹೊರಲು ಅಲ್ಲ. ಮೇಲಿನ ಸತುವಿನ ಲೇಪ ಸುಟ್ಟಾಗ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿಯೇ ಚಳಿಜ್ವರ. ಎಸ್‌ಎಇ ಇಂಡಿಯಾ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ನಡೆಸುವ ಬಾಹಾ ಸ್ಪರ್ಧೆಯ ನಿಯಮಗಳನ್ನೇ ಆಧಾರವಾಗಿ ಹಿಡಿದೆವು. ಚಾಲಕನ ಸುತ್ತಲಿನ ಪಂಜರಕ್ಕೆ ಕನಿಷ್ಠ ಶೇ 0.18 ಇಂಗಾಲವಿರುವ ಉಕ್ಕು, 25.4 ಮಿ.ಮೀ. ಹೊರವ್ಯಾಸ, ಸುಮಾರು 3 ಮಿ.ಮೀ. ದಪ್ಪದ ಗೋಡೆ. ಅಂಥ ಕೊಳವೆಯನ್ನೇ ಕೊಂಡೆವು. ಜೇಬು ಅಲ್ಲಿಗೇ ಅರ್ಧ ಖಾಲಿ.

ಉಳಿದ ಪ್ರಶ್ನೆ, ಇದನ್ನು ಯಾವ ವೆಲ್ಡಿಂಗ್‌ನಲ್ಲಿ ಬೆಸೆಯುವುದು?

ಯೂಟ್ಯೂಬ್ ನೋಡಿದವರಿಗೆಲ್ಲ ಮೊದಲು ಬೇಕಾಗುವುದು ಟಿಗ್. ನಾಣ್ಯಗಳನ್ನು ಸಾಲಾಗಿ ಒರಗಿಸಿಟ್ಟಂಥ ಅದರ ಅಂದಕ್ಕೆ ನಾನೂ ಮರುಳಾಗಿದ್ದೆ. ತೆಳು ಗೋಡೆಯ 4130 ಕ್ರೋಮೋಲಿ ಕೊಳವೆಗೆ ಅದು ಹೇಳಿ ಮಾಡಿಸಿದ್ದು. ಆದರೆ ನಮ್ಮದು 3 ಮಿ.ಮೀ.ನ ಸಾದಾ ಉಕ್ಕು. ಟಿಗ್‌ಗೆ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತಂತಿ, ಸಾಲದ್ದಕ್ಕೆ ಕಾಲಲ್ಲಿ ಪೆಡಲು. ಕೊಳವೆಗಳ ತುದಿ ಒಂದಕ್ಕೊಂದು ಕೂದಲೆಳೆಯಷ್ಟೂ ಸಂದಿಲ್ಲದೆ ಕೂರಬೇಕು. ನಾವು ಅರದಲ್ಲಿ ಉಜ್ಜಿ ಮಾಡಿದ ಮೀನಿನ ಬಾಯಿಯಂಥ ತುದಿಗಳಲ್ಲಿ ಒಂದೊಂದು ಕಡೆ ಒಂದು ಮಿ.ಮೀ. ಸಂದು! ಟಿಗ್ ಆಸೆ ಅಲ್ಲಿಗೆ ಬಿಟ್ಟೆವು.

ಮಿಗ್ ಸುಲಭ. ಗುಂಡಿ ಒತ್ತಿದರೆ ತಂತಿ ತಾನೇ ಬರುತ್ತದೆ, ಕಿಟ್ಟ ಕುಟ್ಟುವ ಕೆಲಸವಿಲ್ಲ, ಇಕ್ಕಟ್ಟಾದ ಮೂಲೆಗೂ ಗನ್ನು ಹೋಗುತ್ತದೆ. ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸ್‌ನಲ್ಲಿ ಪರಿಚಯದವರಿಂದ ಒಂದು ಯಂತ್ರವನ್ನು ಬಾಡಿಗೆಗೆ ತಂದೆವು. ಇನ್ನೊಂದು ದಾರಿ, ಮೊದಲ ವರ್ಷದ ವರ್ಕ್‌ಶಾಪ್ ಲ್ಯಾಬಿನಲ್ಲಿ ಎಲ್ಲರೂ ಒಂದೆರಡು ಜಾಯಿಂಟ್ ಮಾಡಿ ಮರೆತಿರುವ ಸಾದಾ ಆರ್ಕ್ ವೆಲ್ಡಿಂಗ್. ಗೇಟು, ಗ್ರಿಲ್ಲು ಮಾಡುವವರ ಕಡ್ಡಿ ವೆಲ್ಡಿಂಗ್ ಎಂದು ನಾವು ಅದನ್ನು ಲೆಕ್ಕಕ್ಕೇ ಇಟ್ಟುಕೊಂಡಿರಲಿಲ್ಲ.

ಲೆಕ್ಕಕ್ಕೆ ತಂದವರು ದೊಡ್ಡಪ್ಪ. 1923ರಲ್ಲಿ ಕಬ್ಬಿಣ ಕರಗಿಸಲು ಶುರುಮಾಡಿದ ಭದ್ರಾವತಿಯ ಕಾರ್ಖಾನೆಯಲ್ಲಿ ವೆಲ್ಡರ್ ಆಗಿ ನಿವೃತ್ತರಾದವರು. ಒಂದು ಭಾನುವಾರ ಊಟಕ್ಕೆ ಬಂದವರು ಶೆಡ್ಡಿಗೆ ಬಂದು, ನಾನು ಹೆಮ್ಮೆಯಿಂದ ತೋರಿಸಿದ ಮಿಗ್ ಜೋಡಣೆಯ ಮೇಲೆ ಬೆರಳಾಡಿಸಿ, ‘ಮೇಲೆ ಚೆನ್ನಾಗಿದೆ. ಒಳಗೆ?’ ಎಂದರು.

ಬಾಹಾ ನಿಯಮವೂ ಅದನ್ನೇ ಕೇಳುತ್ತದೆ. ಪಂಜರ ಬೆಸೆಯುವ ಪ್ರತಿಯೊಬ್ಬನೂ ತನ್ನ ಕೈಯಾರೆ ಎರಡು ಮಾದರಿ ಮಾಡಬೇಕು. 90 ಡಿಗ್ರಿಯ ಒಂದನ್ನು ಮುರಿಯುವವರೆಗೂ ಪರೀಕ್ಷಿಸಬೇಕು, 30 ಡಿಗ್ರಿಯ ಇನ್ನೊಂದನ್ನು ಕತ್ತರಿಸಿ ಒಳಗೆ ಎಷ್ಟು ಬೆಸೆದಿದೆ ನೋಡಬೇಕು. ಓದಿದ್ದೆವು, ‘ಆಮೇಲೆ ಮಾಡೋಣ’ ಎಂದು ಮುಂದೂಡಿದ್ದೆವು. ಅಂದು ಮಧ್ಯಾಹ್ನವೇ ಮಾಡಿದೆವು. ನನ್ನದು ಮಿಗ್‌ನಲ್ಲಿ, ದೊಡ್ಡಪ್ಪನದು 2.5 ಮಿ.ಮೀ.ನ 6013 ಕಡ್ಡಿಯಲ್ಲಿ, 80 ಆಂಪಿಯರ್‌ಗೆ ಇಟ್ಟು. ನೋಡಲು ನನ್ನದೇ ಚೆಂದ. ಅವರದು ಸ್ವಲ್ಪ ಒರಟು.

ವೈಸ್‌ಗೆ ಕಚ್ಚಿಸಿ ಸುತ್ತಿಗೆಯಲ್ಲಿ ಹೊಡೆದರೆ ನಾಲ್ಕನೇ ಏಟಿಗೆ ನನ್ನ ಜೋಡಣೆ ಅಂಟು ಬಿಟ್ಟ ಚಪ್ಪಲಿಯ ಹಾಗೆ ಎದ್ದು ಬಂತು. ದೊಡ್ಡಪ್ಪನದರಲ್ಲಿ ಕೊಳವೆಯೇ ಬಾಗಿ ಚಪ್ಪಟೆಯಾಯಿತು, ವೆಲ್ಡ್ ಬಿಡಲಿಲ್ಲ. ಮರುದಿನ ಇನ್ನೊಂದು ಜೊತೆಯನ್ನು ಕಾಲೇಜಿಗೆ ಒಯ್ದು, ಅಡ್ಡ ಸೀಳಿ, ಎಮರಿ ಕಾಗದದಲ್ಲಿ ನುಣುಪು ಮಾಡಿ, ಆಲ್ಕೊಹಾಲ್‌ನಲ್ಲಿ ಬೆರೆಸಿದ ನೈಟ್ರಿಕ್ ಆಮ್ಲ ಹಚ್ಚಿದೆವು. ಆಮ್ಲ ತಾಗಿದಾಗ ಕರಗಿ ಬೆಸೆದ ಭಾಗವೇ ಬೇರೆ ಬಣ್ಣಕ್ಕೆ ತಿರುಗುತ್ತದೆ. ನನ್ನ ಮಾದರಿಯಲ್ಲಿ ವೆಲ್ಡಿಗೂ ಕೊಳವೆಗೂ ನಡುವೆ ಪೆನ್ಸಿಲ್‌ನಲ್ಲಿ ಎಳೆದಂಥ ಕಪ್ಪು ಗೆರೆ. ಅದು ಬೆಸುಗೆಯೇ ಅಲ್ಲ, ಕಬ್ಬಿಣದ ಮೇಲೆ ಕಬ್ಬಿಣ ಮಲಗಿತ್ತು ಅಷ್ಟೇ. ಅದೇ ಕಣ್ಣಿನಿಂದ ನೋಡಿ ‘ಸೂಪರ್’ ಎಂದು ಫೋಟೊ ತೆಗೆದು ಸ್ಟೇಟಸ್ ಹಾಕಿದ್ದೆ. ತಂಗಿಗೆ ಈ ತುಂಡು ಬಹಳ ದಿನ ತೋರಿಸಲಿಲ್ಲ.

ತಪ್ಪು ಮಿಗ್‌ನದಲ್ಲ. ಕಡಿಮೆ ವೋಲ್ಟೇಜಿನಲ್ಲಿ ಅದು ಕರಗಿದ ತಂತಿಯನ್ನು ಹನಿಹನಿಯಾಗಿ ಇಡುತ್ತದೆ, ಅಡಿಯ ಕೊಳವೆ ಕರಗದಿದ್ದರೂ ಮೇಲೆ ಮಾತ್ರ ಅಂದವಾಗಿ ಕೂರುತ್ತದೆ. ತೂತು ಬಿದ್ದೀತೆಂಬ ಹೆದರಿಕೆಯಲ್ಲಿ ನಾನು ಯಂತ್ರವನ್ನು ತಗ್ಗಿಸಿಟ್ಟಿದ್ದೆ. ಕೊಳವೆಯ ಮೇಲಿನ ಕಪ್ಪು ಪದರವನ್ನು ಉಜ್ಜಿರಲಿಲ್ಲ. ಜೊತೆಗೆ ಗುಡ್ಡದ ಕಡೆಯಿಂದ ಬೀಸುವ ಗಾಳಿ ಕಾಯುವ ಅನಿಲವನ್ನು ಹಾರಿಸಿಕೊಂಡು ಹೋಗಿ ಅಲ್ಲಲ್ಲಿ ಸೂಜಿಮೊನೆಯ ರಂಧ್ರಗಳಾಗಿದ್ದವು. ಕಡ್ಡಿಗೆ ಆ ಕಾಟ ಕಡಿಮೆ, ಅದರ ಕವಚವೇ ಹೊಗೆಯಾಗಿ, ಕಿಟ್ಟವಾಗಿ ಕರಗಿದ ಲೋಹವನ್ನು ಕಾಯುತ್ತದೆ. ಹಾಗೆಂದು ಕಡ್ಡಿಯೇ ಮೇಲು ಎನ್ನಲಾರೆ. ಮಲೆನಾಡಿನ ಮಳೆಗಾಲದಲ್ಲಿ ಅದು ಥಂಡಿ ಹಿಡಿಯುತ್ತದೆ. ಎರಡು ಕೊಳವೆ ಚೂಪಾಗಿ ಸೇರುವ ಕಡೆ ಮೊಳದುದ್ದದ ಕಡ್ಡಿ ತಿರುಗುವುದಿಲ್ಲ. ಅದೇ ಯಂತ್ರದಲ್ಲಿ ನನ್ನ ಗೆಳೆಯ ಮಾಡಿದ ಮಾದರಿಯ ಒಳಗೆ ಕಿಟ್ಟ ಸಿಕ್ಕಿಕೊಂಡು ಅದೂ ಮುರಿಯಿತು. ದೊಡ್ಡಪ್ಪನ ಕೈ ಬೇರೆ, ನಮ್ಮ ಕೈ ಬೇರೆ.

ಶೆಡ್ಡಿನ ಗಾಳಿಯ ಬದಿಗೆ ಟಾರ್ಪಾಲು ಕಟ್ಟಿದೆವು. ಎಲ್ಲ ಬದಿ ಮುಚ್ಚಿದರೆ ಹೊಗೆ ನಮಗೇ, ಆದ್ದರಿಂದ ಇನ್ನೊಂದು ಬದಿ ತೆರೆದಿದೆ. ತುದಿಗಳನ್ನು ಹೊಳೆಯುವವರೆಗೆ ಗ್ರೈಂಡ್ ಮಾಡಿದೆ, ವೋಲ್ಟೇಜ್ ಏರಿಸಿದೆ, ಏಳು ಮಾದರಿ ಕತ್ತರಿಸಿ ಎಸೆದೆ. ಎಂಟನೆಯದರಲ್ಲಿ ಕಪ್ಪು ಗೆರೆ ಇರಲಿಲ್ಲ. ಒಂಬತ್ತು, ಹತ್ತರಲ್ಲೂ ಇರಲಿಲ್ಲ.

ಕೊನೆಗೆ ಮಾಡಿದ ತೀರ್ಮಾನ ಯಾವ ಪುಸ್ತಕದಲ್ಲೂ ಕಾಣದಂಥದ್ದು. ತಲೆಯ ಹಿಂದಿನ, ಮೇಲಿನ ಕಮಾನಿನ ಆರು ಜೋಡಣೆ ದೊಡ್ಡಪ್ಪನದು, ಕಡ್ಡಿಯಲ್ಲಿ. ಅಲ್ಲಿ ಕಡ್ಡಿ ತಿರುಗಲು ಜಾಗವಿದೆ, ಅವರ ಕೈಗೆ ಅನುಭವವಿದೆ. ಉಳಿದದ್ದು ನನ್ನದು, ಮಿಗ್‌ನಲ್ಲಿ. ಕಡ್ಡಿಯಲ್ಲಿ ಹಾಕಿದ ತಾತ್ಕಾಲಿಕ ಚುಕ್ಕೆಗಳನ್ನು ಪೂರ್ತಿ ಉಜ್ಜಿ ತೆಗೆದ ಮೇಲೆಯೇ ಮಿಗ್ ಹಿಡಿಯುತ್ತೇನೆ, ಇಲ್ಲದಿದ್ದರೆ ಕಿಟ್ಟ ಒಳಗುಳಿಯುತ್ತದೆ. ಪ್ರತಿದಿನ ಕೆಲಸಕ್ಕೆ ಮುನ್ನ ಒಂದು ಮಾದರಿ ಮಾಡಿ ಮುರಿಯಬೇಕು. ಅದು ಬಿಟ್ಟುಕೊಂಡರೆ ಆ ದಿನ ಪಂಜರ ಮುಟ್ಟುವಂತಿಲ್ಲ. ಇದುವರೆಗೆ ಎರಡು ದಿನ ಹಾಗೆ ರಜೆ ಸಿಕ್ಕಿದೆ.

ಮೊನ್ನೆ ತಂಗಿ ಸೀಟಿಲ್ಲದ ಪಂಜರದೊಳಗೆ ಸ್ಟೂಲ್ ಇಟ್ಟು, ಅಪ್ಪನ ಹೆಲ್ಮೆಟ್ ಹಾಕಿ ಕೂತಿದ್ದಳು. ಆಗ ಆ ಮುರಿದ ಮೊದಲ ತುಂಡನ್ನು ಕೈಗೆ ಕೊಟ್ಟೆ. ತಿರುಗಿಸಿ ನೋಡಿ, ‘ಇಂಥದ್ದು ಇದರಲ್ಲಿ ಎಷ್ಟಿವೆ?’ ಎಂದಳು. ಆ ಮಧ್ಯಾಹ್ನಕ್ಕೆ ಮೊದಲು ನಾನು ಮಾಡಿದ್ದು ನಾಲ್ಕು. ನಾಲ್ಕನ್ನೂ ಕತ್ತರಿಸಿ ಮತ್ತೆ ಮಾಡಿದ್ದೇನೆ. ಇನ್ನು ಹದಿನಾಲ್ಕು ಬಾಕಿ ಇವೆ.